ವೆಸ್ಟ್, ವೆಸ್ಟರ್ನ್, ವೆಸ್ಟರ್ಲಿ: ನಾನು ಅರ್ಥ ಮಾಡಿಕೊಳ್ಳುವ ರೀತಿ

ವೆಸ್ಟ್ ಅಂದರೆ ಪಶ್ಚಿಮ. ಇಷ್ಟು ಎಲ್ಲರಿಗೂ ಗೊತ್ತು. ಹವಾಮಾನ, ಭೂಗೋಳ, ಪ್ರವಾಸದ ಬರಹಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ಈ ಕೆಲಸದಲ್ಲಿ ತಲೆ ತಿನ್ನುವ ಪ್ರಶ್ನೆಗಳು ಎರಡೇ. ಎಲ್ಲಿ ನಿಂತು ನೋಡಿದರೆ ಅದು ವೆಸ್ಟ್? ವೆಸ್ಟಿನ ಕಡೆಗೋ, ವೆಸ್ಟಿನ ಕಡೆಯಿಂದಲೋ?

ಹಾಗಾಗಿ ದಿಕ್ಕಿನ ಪದ ಸಿಕ್ಕ ಕೂಡಲೇ ಪಕ್ಕದ ಹಾಳೆಯಲ್ಲಿ ಒಂದು ಪ್ಲಸ್ ಗುರುತು ಹಾಕುತ್ತೇನೆ. ಮೇಲೆ ಉತ್ತರ, ಎಡಕ್ಕೆ ಪಶ್ಚಿಮ. ನಡುವೆ ಒಂದು ಬಾಣ. ಬಾಣದ ಮೂತಿ ಯಾವ ಕಡೆ ಅಂತ ಖಾತ್ರಿಯಾಗುವವರೆಗೆ ಕನ್ನಡದ ವಾಕ್ಯಕ್ಕೆ ಕೈ ಹಾಕುವುದಿಲ್ಲ. ನೋಡುವವರಿಗೆ ಮಕ್ಕಳಾಟ ಅನ್ನಿಸಬಹುದು, ಪರವಾಗಿಲ್ಲ.

ಈ ಬಾಣ ಜಾಸ್ತಿ ಬೇಕಾಗುವುದು ಗಾಳಿಯ ವಿಷಯದಲ್ಲಿ. ಇಂಗ್ಲಿಷಿನಲ್ಲಿ ವೆಸ್ಟ್ ವಿಂಡ್ ಅಂದರೂ, ವೆಸ್ಟರ್ಲಿ ವಿಂಡ್ ಅಂದರೂ ಪಶ್ಚಿಮದಿಂದ ಬೀಸುವ ಗಾಳಿ. ಅದು ಹೋಗುವುದು ಪೂರ್ವಕ್ಕೆ. ಗಾಳಿಗೆ ಹೆಸರು ಬರುವುದು ಅದು ಹುಟ್ಟಿ ಬಂದ ಕಡೆಯಿಂದ, ಹೋಗುವ ಕಡೆಯಿಂದಲ್ಲ. ಗಾಳಿ ತೋರಿಸುವ ಹುಂಜದ ಗೊಂಬೆಯೂ ಹಾಗೇ, ಗಾಳಿ ಬರುವ ಕಡೆಗೇ ಮೂತಿ ಮಾಡಿ ನಿಲ್ಲುತ್ತದೆ. ಆದರೆ ಅದೇ ವೆಸ್ಟರ್ಲಿ ಪದ ದಾರಿಯ ವಿವರದಲ್ಲಿ ಬಂದರೆ ಅರ್ಥ ಪೂರ್ತಿ ತಿರುಗುತ್ತದೆ. ಹಡಗು ವೆಸ್ಟರ್ಲಿ ದಿಕ್ಕಿನಲ್ಲಿ ಹೊರಟಿತು ಅಂದರೆ ಪಶ್ಚಿಮದ ಕಡೆಗೆ ಹೊರಟಿತು ಅಂತ. ಒಂದೇ ಪದ, ಎರಡು ಎದುರುಬದುರು ಬಾಣ! ಇಂಗ್ಲಿಷ್ ಓದುಗರು ಗಾಳಿಯೋ ಹಡಗೋ ಅಂತ ನೋಡಿ ಅರ್ಥ ಮಾಡಿಕೊಂಡುಬಿಡುತ್ತಾರೆ. ನಾನು ಕನ್ನಡದಲ್ಲಿ ಅಷ್ಟನ್ನು ಓದುಗರ ತಲೆಗೆ ಬಿಡುವುದಿಲ್ಲ. ‘ಪಶ್ಚಿಮ ಗಾಳಿ’ ಅಂತ ಸುಮ್ನೆ ಬರೆಯುವ ಬದಲು ‘ಪಶ್ಚಿಮದಿಂದ ಬೀಸುವ ಗಾಳಿ’ ಅಂತ ಬಿಡಿಸಿ ಬರೆಯುತ್ತೇನೆ. ಎರಡಕ್ಷರ ಜಾಸ್ತಿಯಾದರೆ ಆಗಲಿ.

ವಿಮಾನದವರ ಲೆಕ್ಕದಲ್ಲೂ ಇದೇ ಕಥೆ. ಉತ್ತರವನ್ನು ಸೊನ್ನೆ ಮಾಡಿಕೊಂಡು ಗಡಿಯಾರದ ಮುಳ್ಳಿನಂತೆ ಎಣಿಸುವ ಕಂಪಾಸಿನ ಸುತ್ತಿನಲ್ಲಿ ವೆಸ್ಟ್ ಅಂದರೆ 270 ಡಿಗ್ರಿ. ಗಾಳಿ 270 ಅಂದರೆ ಪಶ್ಚಿಮದಿಂದ ಬರುತ್ತಿದೆ. ವಿಮಾನದ ಹಾದಿ 270 ಅಂದರೆ ಪಶ್ಚಿಮಕ್ಕೆ ಹೋಗುತ್ತಿದೆ. ಎರಡೂ 270 ಇದೆಯಲ್ಲ, ಗಾಳಿ ಬೆನ್ನಿಗಿದೆ ಅಂದುಕೊಂಡರೆ ಕೆಟ್ಟಿತು. ಅದು ಎದುರುಗಾಳಿ. ಉತ್ತರ ಗೋಳಾರ್ಧದಲ್ಲೂ ದಕ್ಷಿಣ ಗೋಳಾರ್ಧದಲ್ಲೂ ಸುಮಾರು 30ರಿಂದ 60 ಡಿಗ್ರಿ ಅಕ್ಷಾಂಶಗಳ ನಡುವೆ ಹೆಚ್ಚಾಗಿ ಬೀಸುವ ಗಾಳಿಗಳಿಗೆ ವೆಸ್ಟರ್ಲೀಸ್ ಅಂತಲೇ ಹೆಸರು. ಅದೇ ಅಕ್ಷಾಂಶಗಳಲ್ಲಿ ತುಂಬಾ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅನ್ನುವ ಬಲು ವೇಗದ ಗಾಳಿ ಕೂಡ ಪಶ್ಚಿಮದಿಂದ ಪೂರ್ವಕ್ಕೇ ಓಡುತ್ತದೆ. ನ್ಯೂಯಾರ್ಕಿನಿಂದ ಲಂಡನ್ನಿಗೆ ಹೋಗುವ ವಿಮಾನಕ್ಕೆ ಸಾಮಾನ್ಯವಾಗಿ ಕಡಿಮೆ ಹೊತ್ತು ಸಾಕಾಗುವುದು, ವಾಪಸ್ ಬರುವಾಗ ಜಾಸ್ತಿ ಹೊತ್ತು ಹಿಡಿಯುವುದು ಇದರಿಂದಲೇ.

ಗಾಳಿ ಆಯಿತು, ಇನ್ನು ಸಮುದ್ರದ ನೀರು. ಸಾಗರದ ಪ್ರವಾಹಗಳಿಗೆ ದಿಕ್ಕು ಹೇಳುವಾಗ ನೀರು ಹೋಗುವ ಕಡೆಯನ್ನು ಹೇಳುತ್ತಾರೆ. ಅಂದರೆ ಗಾಳಿಗೆ ಪೂರ್ತಿ ತದ್ವಿರುದ್ಧ. ಇದರ ಮೇಲೆ ಹೆಸರುಗಳ ಗೋಜಲು ಬೇರೆ. ಅಂಟಾರ್ಕ್ಟಿಕಾದ ಸುತ್ತ ಹರಿಯುವ ದೊಡ್ಡ ಪ್ರವಾಹಕ್ಕೆ ವೆಸ್ಟ್ ವಿಂಡ್ ಡ್ರಿಫ್ಟ್ ಅಂತ ಒಂದು ಹಳೆಯ ಹೆಸರಿದೆ. ಹೆಸರು ನೋಡಿದರೆ ಪಶ್ಚಿಮಕ್ಕೆ ಹರಿಯಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಅದು ಹರಿಯುವುದು ಪೂರ್ವಕ್ಕೆ. ಪಶ್ಚಿಮದಿಂದ ಬೀಸುವ ಗಾಳಿ ನೀರನ್ನು ಪೂರ್ವಕ್ಕೆ ತಳ್ಳುತ್ತದೆ, ಹೆಸರಿನಲ್ಲಿರುವ ವೆಸ್ಟ್ ಆ ಗಾಳಿಯದು. ಈಸ್ಟ್ ಆಸ್ಟ್ರೇಲಿಯನ್ ಕರೆಂಟ್ ಅನ್ನುವುದು ಪೂರ್ವಕ್ಕೂ ಹರಿಯುವುದಿಲ್ಲ, ಪೂರ್ವದಿಂದಲೂ ಹರಿಯುವುದಿಲ್ಲ. ಆಸ್ಟ್ರೇಲಿಯಾದ ಪೂರ್ವ ಕರಾವಳಿಗುಂಟ ದಕ್ಷಿಣಕ್ಕೆ ಇಳಿಯುತ್ತದೆ. ಇಲ್ಲಿ ಈಸ್ಟ್ ಅನ್ನುವುದು ಬರೀ ಜಾಗದ ಗುರುತು. ಇಂಥ ಹೆಸರುಗಳನ್ನು ನಾನು ಕನ್ನಡಿಸುವುದೇ ಇಲ್ಲ. ಹೆಸರನ್ನು ಹಾಗೇ ಕನ್ನಡ ಲಿಪಿಯಲ್ಲಿಟ್ಟು, ಮುಂದಿನ ವಾಕ್ಯದಲ್ಲಿ ನೀರು ಎತ್ತ ಹೋಗುತ್ತದೆ ಅಂತ ಹೇಳಿಬಿಡುತ್ತೇನೆ.

ಇನ್ನು ಜಾಗ ಹೇಳುವ ವಾಕ್ಯಗಳು. ಪೋರ್ಚುಗಲ್ ದೇಶ ‘ಟು ದ ವೆಸ್ಟ್ ಆಫ್ ಸ್ಪೇನ್’. ಅಂದರೆ ಸ್ಪೇನಿನ ಹೊರಗೆ, ಅದರ ಪಶ್ಚಿಮಕ್ಕೆ. ‘ಇನ್ ದ ವೆಸ್ಟ್ ಆಫ್ ಸ್ಪೇನ್’ ಅಂದರೆ ಸ್ಪೇನಿನ ಒಳಗೇ ಇರುವ ಪಶ್ಚಿಮ ಭಾಗ. ಕನ್ನಡದಲ್ಲಿ ‘ಸ್ಪೇನಿನ ಪಶ್ಚಿಮದಲ್ಲಿ ಪೋರ್ಚುಗಲ್ ಇದೆ’ ಅಂತ ಬರೆಯುವುದು ರೂಢಿ. ಯಾರೂ ತಪ್ಪು ತಿಳಿಯುವುದಿಲ್ಲ, ಯಾಕೆಂದರೆ ಪೋರ್ಚುಗಲ್ ಬೇರೆ ದೇಶ ಅಂತ ಮೊದಲೇ ಗೊತ್ತು. ಗೊತ್ತಿಲ್ಲದ ಸಣ್ಣ ಊರೋ ಕೆರೆಯೋ ಆದರೆ? ಒಳಗೋ ಹೊರಗೋ ಹೇಗೆ ತಿಳಿಯಬೇಕು? ಅದಕ್ಕೆ ನಾನೊಂದು ಕಟ್ಟುಪಾಡು ಮಾಡಿಕೊಂಡಿದ್ದೇನೆ. ಹೊರಗಿದ್ದರೆ ‘ಪಶ್ಚಿಮಕ್ಕೆ’, ಒಳಗಿದ್ದರೆ ‘ಪಶ್ಚಿಮ ಭಾಗದಲ್ಲಿ’. ಬರೀ ‘ಪಶ್ಚಿಮದಲ್ಲಿ’ ಅನ್ನುವುದನ್ನು ಸೂರ್ಯ ಮುಳುಗುವುದಕ್ಕೆ ಬಿಟ್ಟುಕೊಟ್ಟಿದ್ದೇನೆ. ವೆಸ್ಟ್‌ವರ್ಡ್ ಬಂದರೆ ತಲೆಬಿಸಿಯಿಲ್ಲ, ಅದು ಯಾವಾಗಲೂ ಪಶ್ಚಿಮದ ಕಡೆಗೆ. ಡ್ಯೂ ವೆಸ್ಟ್ ಅಂದರೆ ಆಚೀಚೆ ಇಲ್ಲದೆ ನೇರ ಪಶ್ಚಿಮಕ್ಕೆ.

ಮೂಲೆಗಳ ಹೆಸರಿನಲ್ಲಿ ಇಂಗ್ಲಿಷ್ ಒಂದು ನಿಯಮ ಬಿಡುವುದಿಲ್ಲ. ನಾರ್ತ್ ಇಲ್ಲವೇ ಸೌತ್ ಮೊದಲು. ನಾರ್ತ್‌ವೆಸ್ಟ್ ಉಂಟು, ವೆಸ್ಟ್‌ನಾರ್ತ್ ಇಲ್ಲ. ನಮಗೆ ವಾಯವ್ಯ, ನೈಋತ್ಯ ಅಂತ ಬಿಡಿ ಹೆಸರುಗಳಿರುವುದರಿಂದ ಇದು ಸುಲಭ. ಕಷ್ಟ ಬರುವುದು ವೆಸ್ಟ್-ನಾರ್ತ್‌ವೆಸ್ಟ್ ಅಂದಾಗ. ಅದು 292.5 ಡಿಗ್ರಿ, ಪಶ್ಚಿಮಕ್ಕೂ ವಾಯವ್ಯಕ್ಕೂ ನಟ್ಟ ನಡುವೆ. ನಾವಿಕರ ಹಳೆಯ ಕಂಪಾಸಿನಲ್ಲಿ 32 ಗೆರೆಗಳು, ಒಂದೊಂದಕ್ಕೂ 11.25 ಡಿಗ್ರಿ ಅಂತರ. ಅದರಲ್ಲಿ ವೆಸ್ಟ್ ಬೈ ನಾರ್ತ್ ಅಂದರೆ ಪಶ್ಚಿಮದಿಂದ ಉತ್ತರದ ಕಡೆಗೆ ಒಂದೇ ಗೆರೆ, ಅಂದರೆ 281.25. ಇವಕ್ಕೆಲ್ಲ ಕನ್ನಡ ಪದ ಕಟ್ಟುವ ಸಾಹಸಕ್ಕೆ ನಾನು ಹೋಗುವುದಿಲ್ಲ, ಡಿಗ್ರಿ ಬರೆದು ಮುಂದೆ ಹೋಗುತ್ತೇನೆ. ಓದುಗರಿಗೂ ಅದೇ ಹಿತ.

ಕೊನೆಯದು ದೊಡ್ಡಕ್ಷರದ ತಾಪತ್ರಯ. ಇಂಗ್ಲಿಷಿನಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾ ಅಂತ ದೊಡ್ಡಕ್ಷರದಲ್ಲಿ ಶುರುವಾದರೆ ಅದು ಪರ್ತ್ ರಾಜಧಾನಿಯಾಗಿರುವ ರಾಜ್ಯ. ವೆಸ್ಟರ್ನ್ ಅನ್ನುವುದು ಸಣ್ಣಕ್ಷರದಲ್ಲಿದ್ದರೆ ಸುಮ್ಮನೆ ಆಸ್ಟ್ರೇಲಿಯಾದ ಪಶ್ಚಿಮ ಭಾಗ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಇಲ್ಲವಲ್ಲ. ಹಾಗಾಗಿ ಹೆಸರಾದಾಗ ‘ರಾಜ್ಯ’ ಅಂತ ಸೇರಿಸುತ್ತೇನೆ. ವೆಸ್ಟ್ ಬರ್ಲಿನ್ ವಿಷಯದಲ್ಲಿ ಇದು ಇನ್ನೂ ಮುಖ್ಯ. 1990ರಲ್ಲಿ ಎರಡೂ ಜರ್ಮನಿಗಳು ಒಂದಾಗುವವರೆಗೆ ಆ ಅರ್ಧ ನಗರ ಇದ್ದದ್ದು ಪೂರ್ವ ಜರ್ಮನಿಯ ಹೊಟ್ಟೆಯೊಳಗೆ, ನಾಲ್ಕೂ ಕಡೆ ಪೂರ್ವ ಜರ್ಮನಿಯೇ. ‘ಪಶ್ಚಿಮ ಬರ್ಲಿನ್’ ಅಂತ ಓದಿ ಪಶ್ಚಿಮ ಜರ್ಮನಿಯ ನಕ್ಷೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಸುದ್ದಿಬರಹಗಳಲ್ಲಿ ಬರುವ ದ ವೆಸ್ಟ್ ಅಂತೂ ದಿಕ್ಕೇ ಅಲ್ಲ, ಅದೊಂದು ರಾಜಕೀಯ ಗುಂಪು. ಆಸ್ಟ್ರೇಲಿಯಾವನ್ನೂ ಅದರಲ್ಲಿ ಸೇರಿಸುತ್ತಾರೆ. ಅಲ್ಲಿ ನಾನು ‘ಪಾಶ್ಚಾತ್ಯ ದೇಶಗಳು’ ಅಂತ ಬರೆಯುತ್ತೇನೆ, ಪಕ್ಕದ ಹಾಳೆಯಲ್ಲಿ ಪ್ಲಸ್ ಗುರುತು ಹಾಕುವುದಿಲ್ಲ.