ಮಾಳಿಗೆಯ ಸೋಲಾರ್ ಇನ್ವರ್ಟರ್‌ನ ಮಾಹಿತಿಯನ್ನು ಮನೆಯಲ್ಲೇ ದಾಖಲಿಸುವ ವಿಧಾನ

ಕಲಬುರಗಿಯಲ್ಲಿ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದವರು ಬೇಸಿಗೆಯಲ್ಲಿ ಕೇಳುವ ಪ್ರಶ್ನೆ ಒಂದೇ: ಇಷ್ಟು ಬಿಸಿಲಿದ್ದರೂ ಯೂನಿಟ್ ಏಕೆ ಕಡಿಮೆ ಬಂತು? ಕಾರಣ ಪ್ಯಾನೆಲ್ ಮೇಲೆ ಕೂತ ಧೂಳಾಗಿರಬಹುದು, 40 ಡಿಗ್ರಿ ದಾಟಿದ ಬಿಸಿಲ ಝಳವಾಗಿರಬಹುದು, ಇಲ್ಲವೇ ವಿದ್ಯುತ್ ಕಂಪನಿ ಜೆಸ್ಕಾಂನ ಲೈನಿನ ವೋಲ್ಟೇಜ್ ಏರಿದ್ದರಿಂದ, ಪ್ಯಾನೆಲ್‌ನ ವಿದ್ಯುತ್ತನ್ನು ಮನೆಯ ಬಳಕೆಗೆ ಬದಲಿಸುವ ಇನ್ವರ್ಟರ್ ತಾನಾಗಿಯೇ ನಿಂತಿರಬಹುದು. ದಿನದ ಕೊನೆಗೆ ಕಾಣುವ ಒಟ್ಟು ಯೂನಿಟ್ ನೋಡಿ ಈ ಮೂರರಲ್ಲಿ ಯಾವುದೆಂದು ಹೇಳಲಾಗದು. ಆದ್ದರಿಂದ ಉತ್ಪಾದನೆಯ ಜೊತೆಗೆ ಗ್ರಿಡ್ (ಲೈನಿನ) ವೋಲ್ಟೇಜ್, ಇನ್ವರ್ಟರ್‌ನ ತಾಪಮಾನ ಮತ್ತು ಅದರ ದೋಷ ಸಂಕೇತವನ್ನೂ ದಾಖಲಿಸಬೇಕು. ಆ ದಾಖಲೆ ನಮ್ಮ ಮನೆಯ ಕಂಪ್ಯೂಟರಿನಲ್ಲೇ ಇರಬೇಕು. ಕಂಪನಿಯ ಮೊಬೈಲ್ ಆ್ಯಪ್ ಸಾಮಾನ್ಯವಾಗಿ ಮಾಹಿತಿಯನ್ನು ಕಂಪನಿಯ ಸರ್ವರ್‌ಗೆ ಕಳುಹಿಸುವುದರಿಂದ, ಇಂಟರ್‌ನೆಟ್ ಇಲ್ಲದ ಹೊತ್ತಿನಲ್ಲಿ ಅದನ್ನೇ ನಂಬಿ ಕೂರಲಾಗದು. ಇಲ್ಲಿ ವಿವರಿಸುವುದು ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶದಲ್ಲಿ ಈ ವ್ಯವಸ್ಥೆ ಮಾಡಿಕೊಳ್ಳುವ ಬಗೆಯನ್ನು.

ಮೊದಲು ಇನ್ವರ್ಟರ್‌ನ ಕೈಪಿಡಿ ತೆರೆದು ಎರಡು ತಂತಿಯಲ್ಲಿ ಮಾಹಿತಿ ಕೊಡುವ ಆರ್‌ಎಸ್-485 ಎಂಬ ಪೋರ್ಟ್ ಇದೆಯೇ ಎಂದು ನೋಡಬೇಕು. ಅದರೊಡನೆ, ಆ ಪೋರ್ಟಿನಲ್ಲಿ ಪ್ರಶ್ನೋತ್ತರ ನಡೆಸುವ ಮಾಡ್‌ಬಸ್ ಎಂಬ ಪದ್ಧತಿಯ ರಿಜಿಸ್ಟರ್ ಪಟ್ಟಿಯನ್ನೂ, ಅಂದರೆ ಯಾವ ವಿಳಾಸದಲ್ಲಿ ಯಾವ ಅಳತೆ ಸಿಗುತ್ತದೆ ಎಂಬ ಪಟ್ಟಿಯನ್ನೂ, ಅಳವಡಿಸಿದವರಿಂದ ಅಥವಾ ಕಂಪನಿಯಿಂದ ಕೇಳಿ ಪಡೆಯಬೇಕು. ಈ ಪಟ್ಟಿ ಕೈಗೆ ಬಾರದೆ ಸಾಮಾನು ಕೊಳ್ಳಬಾರದು. ಅದೇ ಪೋರ್ಟಿಗೆ ಲೈನಿಗೆ ಹೋಗುವ ವಿದ್ಯುತ್ತನ್ನು (ಎಕ್ಸ್‌ಪೋರ್ಟ್) ನಿಯಂತ್ರಿಸುವ ಮೀಟರ್ ಈಗಾಗಲೇ ಸೇರಿದ್ದರೆ ಅದನ್ನು ಮುಟ್ಟಬಾರದು, ಏಕೆಂದರೆ ಮಾಡ್‌ಬಸ್‌ನ ಒಂದು ತಂತಿಯ ಮೇಲೆ ಪ್ರಶ್ನೆ ಕೇಳುವ ಸಾಧನ ಒಂದೇ ಇರಬೇಕು. ಎರಡಾದರೆ ಉತ್ತರಗಳು ಕಲಸಿಹೋಗುತ್ತವೆ. ಪ್ಯಾನೆಲ್‌ನಿಂದ ಬರುವ ಡಿಸಿ ತಂತಿಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಆ ಭಾಗವನ್ನು ತೆರೆಯುವ ಕೆಲಸವೇನಿದ್ದರೂ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಬೇಕು.

ಹೋಮ್ ಅಸಿಸ್ಟೆಂಟ್ ನಡೆಸಲು ರಾಸ್ಪ್‌ಬೆರಿ ಪೈ ಅಥವಾ ಹಳೆಯ ಸಣ್ಣ ಕಂಪ್ಯೂಟರ್ ಸಾಕು. ಮೆಮೊರಿ ಕಾರ್ಡಿಗಿಂತ ಎಸ್‌ಎಸ್‌ಡಿ ಒಳ್ಳೆಯದು, ಏಕೆಂದರೆ ಎಡೆಬಿಡದೆ ಬರೆಯುವ ಕೆಲಸದಲ್ಲಿ ಕಾರ್ಡ್ ಬೇಗ ಸವೆಯುತ್ತದೆ. ಬ್ಯಾಟರಿ ಇಲ್ಲದ ಆನ್-ಗ್ರಿಡ್ ಇನ್ವರ್ಟರ್, ಕರೆಂಟ್ ಹೋದ ಕೂಡಲೇ ಲೈನ್‌ಮನ್‌ಗಳ ಸುರಕ್ಷತೆಗಾಗಿ ತಾನೂ ನಿಲ್ಲುತ್ತದೆ. ಹೀಗಾಗಿ ಕಂಪ್ಯೂಟರ್ ಮತ್ತು ರೌಟರ್ ಎರಡಕ್ಕೂ ಬೇರೆಯದೇ ಯುಪಿಎಸ್ ಕೊಡುವುದು ಅಗತ್ಯ.

ಕಂಪ್ಯೂಟರಿಗೆ ಯುಎಸ್‌ಬಿಯಿಂದ ಆರ್‌ಎಸ್-485ಕ್ಕೆ ಬದಲಿಸುವ ಪರಿವರ್ತಕವನ್ನು ಜೋಡಿಸಿ, ಅದರ ಎ ತುದಿಯನ್ನು ಇನ್ವರ್ಟರ್‌ನ ಎ ತುದಿಗೂ ಬಿ ತುದಿಯನ್ನು ಬಿ ತುದಿಗೂ, ಒಂದಕ್ಕೊಂದು ಹೆಣೆದ ಜೋಡಿ ತಂತಿಯಿಂದ ಸೇರಿಸಬೇಕು. ಉತ್ತರ ಬಾರದಿದ್ದರೆ ಮೊದಲು ಈ ಎರಡು ತಂತಿಗಳನ್ನು ಅದಲುಬದಲು ಮಾಡಿ ನೋಡಬೇಕು, ಏಕೆಂದರೆ ಎ ಮತ್ತು ಬಿ ಗುರುತನ್ನು ಎಲ್ಲ ಕಂಪನಿಗಳೂ ಒಂದೇ ರೀತಿ ಬಳಸುವುದಿಲ್ಲ. ತಂತಿ ಮಾಳಿಗೆಯಿಂದ ಕೆಳಗಿಳಿಯುವುದಾದರೆ ಅದನ್ನು ಪೈಪಿನೊಳಗೆ, ವಿದ್ಯುತ್ ತಂತಿಗಳಿಂದ ದೂರವಾಗಿ ತರಬೇಕು.

ಹೋಮ್ ಅಸಿಸ್ಟೆಂಟ್‌ನ ಸಂರಚನಾ ಕಡತದಲ್ಲಿ ಮಾಡ್‌ಬಸ್ ವಿಭಾಗವನ್ನು ಸೇರಿಸಿ, ಪರಿವರ್ತಕದ ಪೋರ್ಟ್, ವೇಗ, ಪ್ಯಾರಿಟಿ, ಸ್ಟಾಪ್ ಬಿಟ್ ಮತ್ತು ಇನ್ವರ್ಟರ್‌ನ ಸ್ಲೇವ್ ಸಂಖ್ಯೆಯನ್ನು (ಆ ತಂತಿಯ ಮೇಲೆ ಅದರ ಗುರುತಿನ ಸಂಖ್ಯೆ) ಕೈಪಿಡಿಯಲ್ಲಿ ಇರುವಂತೆಯೇ ಬರೆಯಬೇಕು. ವೇಗ ಬಹುಮಟ್ಟಿಗೆ 9600 ಇರುತ್ತದೆ. ಅನಂತರ ಪ್ರತಿ ಅಳತೆಗೂ ಒಂದೊಂದು ಸೆನ್ಸರ್, ಅಂದರೆ ಆ ಅಳತೆಯನ್ನು ಓದುವ ನಮೂದು, ಬರೆಯಬೇಕು. ಹೆಚ್ಚಿನ ತೊಂದರೆಗಳು ಹುಟ್ಟುವುದು ಇಲ್ಲಿಯೇ. ಕೆಲವು ಪಟ್ಟಿಗಳು ವಿಳಾಸವನ್ನು 1ರಿಂದ ಎಣಿಸುತ್ತವೆ, ಮಾಡ್‌ಬಸ್ ಸಂದೇಶ 0ಯಿಂದ ಎಣಿಸುತ್ತದೆ. ಪಟ್ಟಿಯಲ್ಲಿ 40001 ಎಂದಿದ್ದರೆ ಹೋಲ್ಡಿಂಗ್ ಎಂಬ ಬಗೆಯ ರಿಜಿಸ್ಟರ್‌ನ ವಿಳಾಸ 0 ಎಂದು ಕೊಡಬೇಕಾಗುತ್ತದೆ. ವೋಲ್ಟೇಜ್ 2304 ಎಂದು ಬಂದರೆ ಅದನ್ನು 0.1ರಿಂದ ಗುಣಿಸಬೇಕು, ಆಗ 230.4 ಆಗುತ್ತದೆ. ಬ್ಯಾಟರಿ ಇರುವ ವ್ಯವಸ್ಥೆಯಲ್ಲಿ ಅದರ ಶಕ್ತಿ ಇದ್ದಕ್ಕಿದ್ದಂತೆ 65436 ವ್ಯಾಟ್ ಎಂದು ತೋರಿಸಿದರೆ ಯಂತ್ರ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ. ಅದು ಋಣ 100 ವ್ಯಾಟ್, ಸೆನ್ಸರ್‌ನ ದತ್ತಾಂಶ ಪ್ರಕಾರವನ್ನು ಋಣ ಸಂಖ್ಯೆ ಒಪ್ಪುವ 16 ಬಿಟ್‌ಗೆ ಬದಲಿಸಿದರೆ ಸರಿಹೋಗುತ್ತದೆ. ಪ್ರತಿಯೊಂದು ಅಂಕಿಯನ್ನೂ ಇನ್ವರ್ಟರ್‌ನ ಪರದೆಯೊಡನೆ ಹೋಲಿಸಿದ ಮೇಲೆಯೇ ಮುಂದಿನ ಸೆನ್ಸರ್‌ಗೆ ಹೋಗಬೇಕು. ರಿಜಿಸ್ಟರ್‌ಗಳನ್ನು ಓದುವುದಷ್ಟೇ ನಮ್ಮ ಕೆಲಸ, ಅವುಗಳಿಗೆ ಏನನ್ನೂ ಬರೆಯಕೂಡದು. ನೆಟ್‌ವರ್ಕ್ ಮೂಲಕ ಮಾಡ್‌ಬಸ್ ಬಳಸುವವರು ಅದರ 502ನೇ ಪೋರ್ಟನ್ನು ಇಂಟರ್‌ನೆಟ್‌ಗೆ ಎಂದಿಗೂ ತೆರೆಯಬಾರದು, ಏಕೆಂದರೆ ಆ ಪದ್ಧತಿಗೆ ಪಾಸ್‌ವರ್ಡ್ ಎಂಬುದೇ ಇಲ್ಲ.

ಒಟ್ಟು ಯೂನಿಟ್ ತೋರಿಸುವ ಸೆನ್ಸರ್‌ಗೆ ಡಿವೈಸ್ ಕ್ಲಾಸ್ ಎನರ್ಜಿ, ಮಾನ ಕಿಲೋವ್ಯಾಟ್ ಅವರ್, ಸ್ಟೇಟ್ ಕ್ಲಾಸ್ ಟೋಟಲ್ ಇನ್‌ಕ್ರೀಸಿಂಗ್ ಎಂದು ಕೊಟ್ಟರೆ ಅದು ವಿದ್ಯುತ್ ಲೆಕ್ಕ ತೋರಿಸುವ ಪುಟವಾದ ಎನರ್ಜಿ ಡ್ಯಾಶ್‌ಬೋರ್ಡಿನಲ್ಲಿ ಆಯ್ಕೆಗೆ ಸಿಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ರಾತ್ರಿ ಮಲಗಿ ಬೆಳಿಗ್ಗೆ ಏಳುವ ಕೆಲವು ಇನ್ವರ್ಟರ್‌ಗಳು ಒಂದು ಕ್ಷಣ ಒಟ್ಟು ಯೂನಿಟ್ಟನ್ನು ಸೊನ್ನೆ ಎಂದು ಹೇಳಿ, ಆಮೇಲೆ ನಿಜವಾದ ಅಂಕಿ ಕೊಡುತ್ತವೆ. ಹೋಮ್ ಅಸಿಸ್ಟೆಂಟ್ ಇದನ್ನು ಮೀಟರ್ ಹೊಸದಾಗಿ ಶುರುವಾಯಿತೆಂದು ತಿಳಿದು, ಅದುವರೆಗಿನ ಎಲ್ಲ ಯೂನಿಟ್ಟನ್ನೂ ಆ ಒಂದೇ ದಿನದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಸೊನ್ನೆ ಬಂದಾಗ ಅದನ್ನು ಕೈಬಿಡುವ ಒಂದು ಟೆಂಪ್ಲೇಟ್ ಸೆನ್ಸರನ್ನು ನಡುವೆ ಇಟ್ಟು, ಡ್ಯಾಶ್‌ಬೋರ್ಡಿಗೆ ಅದನ್ನೇ ಕೊಡುವುದು ಸರಿಯಾದ ಪರಿಹಾರ.

ವೋಲ್ಟೇಜ್, ತಾಪಮಾನ, ವ್ಯಾಟ್ ಇವುಗಳಿಗೆ ಸ್ಟೇಟ್ ಕ್ಲಾಸ್ ಮೆಷರ್‌ಮೆಂಟ್ ಎಂದು ಕೊಡಬೇಕು. ಹೋಮ್ ಅಸಿಸ್ಟೆಂಟ್ ಸವಿವರ ದಾಖಲೆಯನ್ನು, ನಾವು ಬೇರೆ ಅವಧಿ ಹೇಳದಿದ್ದರೆ, 10 ದಿನ ಮಾತ್ರ ಇಡುತ್ತದೆ, ಆದರೆ ಮೆಷರ್‌ಮೆಂಟ್ ಎಂದು ಗುರುತಿಸಿದ ಸೆನ್ಸರ್‌ಗಳ ಪ್ರತಿ ಗಂಟೆಯ ಕನಿಷ್ಠ, ಗರಿಷ್ಠ ಮತ್ತು ಸರಾಸರಿಯನ್ನು ಅಳಿಸದೆ ಉಳಿಸುತ್ತದೆ. ಕಳೆದ ಏಪ್ರಿಲ್‌ನ ವೋಲ್ಟೇಜನ್ನು ಈ ಏಪ್ರಿಲ್‌ನೊಡನೆ ಹೋಲಿಸಲು ಇಷ್ಟು ಸಾಕು. ವ್ಯಾಟ್ ಮತ್ತು ವೋಲ್ಟೇಜನ್ನು 10ರಿಂದ 30 ಸೆಕೆಂಡಿಗೊಮ್ಮೆ, ಯೂನಿಟ್ಟನ್ನು ನಿಮಿಷಕ್ಕೊಮ್ಮೆ ಓದಿದರೆ ಆಯಿತು.

ಕಲಬುರಗಿಯು ಭಾರತೀಯ ಕಾಲಮಾನದ ರೇಖಾಂಶಕ್ಕಿಂತ ಸಾಕಷ್ಟು ಪಶ್ಚಿಮದಲ್ಲಿರುವುದರಿಂದ ಸೂರ್ಯ ನಡುನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ತಿಂಗಳಿಗೆ ತಕ್ಕಂತೆ ಸುಮಾರು 12.07ರಿಂದ 12.37ರ ನಡುವೆ. ದಕ್ಷಿಣಕ್ಕೆ ಮುಖ ಮಾಡಿದ ಪ್ಯಾನೆಲ್‌ನ ಉತ್ಪಾದನೆಯ ನಕ್ಷೆಯ (ಗ್ರಾಫ್) ಶಿಖರ ನಿರ್ಮಲ ಆಕಾಶದ ದಿನ ಇದರಿಂದ ಬಹಳ ಸರಿದಿದ್ದರೆ, ಗಡಿಯಾರ ತಪ್ಪಿದೆ ಅಥವಾ ನೀರಿನ ಟ್ಯಾಂಕಿನಂಥದರ ನೆರಳು ಬೀಳುತ್ತಿದೆ ಎಂದರ್ಥ. ನಡುಹಗಲಿನಲ್ಲಿ ವ್ಯಾಟ್ ಒಮ್ಮೆಗೇ ಸೊನ್ನೆಗೆ ಬಿದ್ದು, ಅದಕ್ಕೆ ತುಸು ಮುನ್ನ ವೋಲ್ಟೇಜ್ 253ರ, ಅಂದರೆ 230ಕ್ಕಿಂತ ಶೇ. 10ರಷ್ಟು ಹೆಚ್ಚಿನ ಮಟ್ಟದ ಆಸುಪಾಸಿಗೆ ಏರಿದ್ದರೆ ದೋಷ ಲೈನಿನದು ಅಥವಾ ಮನೆಯಿಂದ ಕಂಬದವರೆಗಿನ ಸಣ್ಣ ತಂತಿಯದು. ತಾಪಮಾನ ಏರಿದಂತೆ ವ್ಯಾಟ್ ಮೆಲ್ಲಗೆ ಇಳಿದರೆ ಅದು ಝಳದ ಪರಿಣಾಮ. ಇನ್ವರ್ಟರ್ ಮೇಲೆ ನೆರಳು ಮತ್ತು ಸುತ್ತ ಗಾಳಿಯಾಡುವ ಜಾಗ ಮಾಡಿಕೊಡಬೇಕು. ತೊಗರಿ ರಾಶಿಯ ಕಾಲದಲ್ಲಿ ವಾರದಿಂದ ವಾರಕ್ಕೆ ಶಿಖರ ತಗ್ಗುತ್ತ ಹೋದರೆ ಅದು ಧೂಳು. ಬೆಳಗಿನ ತಂಪಿನಲ್ಲಿ ಪ್ಯಾನೆಲ್ ತೊಳೆದು ಮರುದಿನದ ನಕ್ಷೆ ನೋಡಿದರೆ ಖಚಿತವಾಗುತ್ತದೆ. ವೋಲ್ಟೇಜಿನ ದೂರು ಕೊಡುವಾಗ ಜೆಸ್ಕಾಂ ಉಪವಿಭಾಗದ ಕಚೇರಿಗೆ ಬರಿಮಾತಿನ ಬದಲು, ಆರ್‌ಆರ್ ಸಂಖ್ಯೆ ಬರೆದ ಅರ್ಜಿಯೊಡನೆ ಆ ದಿನಗಳ ವೋಲ್ಟೇಜ್ ಮತ್ತು ವ್ಯಾಟ್ ಒಂದೇ ಹಾಳೆಯಲ್ಲಿ ಕಾಣುವ ನಕ್ಷೆಯನ್ನು ಮುದ್ರಿಸಿ ಲಗತ್ತಿಸಿ, ಸ್ವೀಕೃತಿ ಪಡೆದುಕೊಳ್ಳಬೇಕು.