ಸಣ್ಣ ಹಾಯಿದೋಣೀಲಿ ಬ್ಯಾಟರಿ ಎಲ್ಲಿಡ್ಬೇಕು, ಸೋಲಾರ್ ಎಷ್ಟು ಬೇಕು?

ಸಣ್ಣ ಹಾಯಿದೋಣಿ ತಗೊಂಡ ತಕ್ಷಣ ಎಲ್ರಿಗೂ ಮೊದ್ಲು ಬರೋ ಆಸೆ ಒಂದು ಸೋಲಾರ್ ಪ್ಯಾನೆಲ್ ಹಾಕ್ಬೇಕು ಅಂತ. ಪ್ಯಾನೆಲ್ ಮನೆಗೆ ಬಂದ್ಮೇಲೆ ಅದನ್ನ ಎಲ್ಲಿ ಕೂರಿಸೋದು, ಬ್ಯಾಟರಿ ಯಾವ್ದು, ಅದಕ್ಕೆ ಜಾಗ ಎಲ್ಲಿ ಅಂತ ಯೋಚ್ನೆ ಶುರು ಆಗತ್ತೆ. ನನ್ನ ಪ್ರಕಾರ ಈ ಸಾಲು ಪೂರ್ತಿ ತಿರುಗಬೇಕು: ಮೊದ್ಲು ಕರೆಂಟಿನ ಖರ್ಚಿನ ಲೆಕ್ಕ, ಆಮೇಲೆ ಬ್ಯಾಟರಿಯ ಜಾಗ, ಆಮೇಲೆ ವೈರು, ಪ್ಯಾನೆಲ್ ಕಟ್ಟಕಡೇಗೆ.

ನಾನಿರೋದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಹತ್ರ, ದೋಣಿ 22 ಅಡಿದು, ತೂಕ ಒಂದು ಟನ್ ಆಸುಪಾಸು, ಹಿಂದುಗಡೆ ಸಣ್ಣ ಔಟ್‌ಬೋರ್ಡ್ ಇಂಜಿನ್ನು, ಶನಿವಾರ ಹೋಗಿ ಒಂದು ರಾತ್ರಿ ಲಂಗರು ಹಾಕಿ ಭಾನುವಾರ ಸಂಜೆ ವಾಪಸ್ ಬರೋ ಥರದ ಓಡಾಟ. ಇಲ್ಲಿ ಬೇಸಿಗೇಲಿ ಒಳನಾಡಿನ ಕಣಿವೆ ಕಾದು ಗಾಳಿ ಮೇಲೇರತ್ತೆ, ಆ ಜಾಗಕ್ಕೆ ಸಮುದ್ರದ ತಣ್ಣನೆ ಗಾಳಿ ಗೋಲ್ಡನ್ ಗೇಟಿನ ಸಂದೀಲಿ ನುಗ್ಗಿ ಬರತ್ತೆ, ಮಧ್ಯಾಹ್ನದ ಮೇಲೆ 20-25 ನಾಟ್ ಅಂದ್ರೆ ಗಂಟೆಗೆ 40 ಕಿಲೋಮೀಟರ್ ಹತ್ರದ ಗಾಳಿ ದಿನನಿತ್ಯದ ಮಾತು. ಬೆಳಿಗ್ಗೆ ಮಂಜು. ಅಂದ್ರೆ ದೋಣಿ ಚೆನ್ನಾಗಿ ವಾಲತ್ತೆ, ಬಿಸಿಲು ಅರ್ಧ ದಿನ ಕೈಕೊಡತ್ತೆ, ಎರಡೂ ನಮ್ಮ ಲೆಕ್ಕದೊಳಗೆ ಬರ್ಬೇಕು.

ಮೊದ್ಲು ಪೆನ್ನು ಪೇಪರ್

ದೋಣೀಲಿ ಏನೇನು ಕರೆಂಟ್ ತಿನ್ನತ್ತೆ ಅಂತ ಬರ್ಕೊಳ್ಳಿ, ಎಷ್ಟು ಆಂಪಿಯರ್, ಎಷ್ಟು ಗಂಟೆ, ಎರಡನ್ನೂ ಗುಣಿಸಿದ್ರೆ ಆಂಪ್-ಅವರ್. ನನ್ನ ಒಂದು ದಿನದ ಲೆಕ್ಕ ಹೀಗಿದೆ: ಲಂಗರು ಹಾಕಿದಾಗ ಕಂಬದ ತುದೀಲಿ ಉರಿಯೋ ಎಲ್‌ಇಡಿ ದೀಪ 11 ಗಂಟೆಗೆ 1.7, ಬೇರೆ ದೋಣಿಗಳ ಜೊತೆ ಮಾತಾಡೋ ವಿಎಚ್‌ಎಫ್ ರೇಡಿಯೋ ಬರೀ ಕೇಳ್ತಾ ಇದ್ರೂ 8 ಗಂಟೆಗೆ 3.2 (ಮಾತಾಡೋಕೆ ಗುಂಡಿ ಒತ್ತಿದ್ರೆ 5 ಆಂಪಿಯರ್ ಎಳೆಯತ್ತೆ, ಆದ್ರೆ ನಾವು ಮಾತಾಡೋದು ದಿನಕ್ಕೆ ಐದು ನಿಮಿಷ, ಅಲ್ಲಿಗೆ 0.4), ಆಳ ಮತ್ತು ನಕ್ಷೆ ತೋರ್ಸೋ ಸ್ಕ್ರೀನು 6 ಗಂಟೆಗೆ 3.6, ಒಳಗಿನ ದೀಪ 0.9, ಎರಡು ಫೋನ್ ಚಾರ್ಜಿಗೆ 2.4, ಚುಕ್ಕಾಣಿ ತಾನೇ ಹಿಡಿಯೋ ಆಟೋಪೈಲಟ್ ಮೂರು ಗಂಟೆಗೆ 3. ಒಟ್ಟು ಹತ್ರಹತ್ರ 15. ಹಳೇ ಕಾಲದ 10 ವ್ಯಾಟ್ ಬಲ್ಬ್ ಇದ್ದಿದ್ರೆ ಲಂಗರಿನ ದೀಪ ಒಂದೇ 9 ಆಂಪ್-ಅವರ್ ತಿಂದು ಹಾಕ್ತಿತ್ತು, ಹಾಗಾಗಿ ದೊಡ್ಡ ಬ್ಯಾಟರಿ ಕೊಳ್ಳೋ ದುಡ್ಡಲ್ಲಿ ಮೊದ್ಲು ಬಲ್ಬ್ ಬದಲಾಯ್ಸಿ. ಫ್ರಿಜ್ ಬೇಕು ಅಂದ್ರೆ ಮಾತ್ರ ಈ ಲೆಕ್ಕ ಎಲ್ಲಾ ಬುಡಮೇಲು, ಸಣ್ಣ 12 ವೋಲ್ಟ್ ಫ್ರಿಜ್ಜೇ ದಿನಕ್ಕೆ 30-40 ಕೇಳತ್ತೆ. ನಾನು ಐಸ್ ಬಾಕ್ಸ್ ಒಯ್ತೀನಿ.

ಎರಡು ದಿನಕ್ಕೆ 30 ಆಂಪ್-ಅವರ್. ಸೀಸ-ಆಸಿಡ್ ಬ್ಯಾಟರೀನ ಅರ್ಧಕ್ಕಿಂತ ಕೆಳಗೆ ಇಳಿಸ್ತಾ ಹೋದ್ರೆ ಬೇಗ ಸಾಯತ್ತೆ, ಆದ್ದರಿಂದ ಕನಿಷ್ಠ 60, ಮೋಡದ ದಿನಕ್ಕೆ ಒಂಚೂರು ಸೇರಿಸಿ 75-80ರದ್ದು ತಗೋಬೇಕು. ಅದರ ತೂಕ 22 ಕೇಜಿ ಆಸುಪಾಸು. ಲಿಥಿಯಂ ಐರನ್ ಫಾಸ್ಫೇಟ್ ಆದ್ರೆ ಶೇ 80ರಷ್ಟು ಧೈರ್ಯವಾಗಿ ಬಳಸಬಹುದು, 50 ಆಂಪ್-ಅವರ್ ಸಾಕು, ಆರೇಳು ಕೇಜಿ.

ಬ್ಯಾಟರಿ ಎಲ್ಲಿ

ಇದೇ ಮುಖ್ಯ ಭಾಗ. ನಮ್ಮೂರು ಕುಂದಾಪುರದ ಕಡೆ, ಗಂಗೊಳ್ಳಿ ಅಳಿವೆ ದಾಟೋವಾಗ ದೊಡ್ಡಪ್ಪ ಬಲೆ, ಐಸು, ಡಬ್ಬ ಎಲ್ಲಾನೂ ದೋಣಿಯ ನಡುವಿಗೆ ಎಳೆಸ್ತಿದ್ರು. ತುದೀಲಿ ಭಾರ ಇದ್ರೆ ಅಲೆ ಬಂದಾಗ ದೋಣಿ ಏತದ ಥರ ಮೇಲೆ ಕೆಳಗೆ ಆಡತ್ತೆ, ಮೂತಿ ಸಮಯಕ್ಕೆ ಸರಿಯಾಗಿ ಮೇಲೇಳಲ್ಲ, ವೇಗ ಸಾಯತ್ತೆ. ಹಾಯಿದೋಣಿಗೂ ಇದೇ ಮಾತು. ಈ ಅಳತೆಯ ದೋಣಿಗಳಲ್ಲಿ ಇಂಜಿನ್ನು, ಪೆಟ್ರೋಲ್ ಟ್ಯಾಂಕು, ಚುಕ್ಕಾಣಿ ಹಿಡಿದು ಕೂತ ಇಬ್ರು ಮೂವರು ಎಲ್ಲಾ ಹಿಂದುಗಡೇನೇ ಇರ್ತಾರೆ, ಅಲ್ಲೇ ಬ್ಯಾಟರೀನೂ ಇಟ್ರೆ ದೋಣಿಯ ಬೆನ್ನು ನೀರಲ್ಲಿ ಎಳೀತಾ ಹೋಗತ್ತೆ. ಹಾಗಾಗಿ ಆದಷ್ಟು ಕೆಳಗೆ, ಆದಷ್ಟು ನಡುವಿಗೆ, ಎಡ-ಬಲದ ಮಧ್ಯಗೆರೆ ಮೇಲೆ. ಒಳಗೆ ಇಳಿಯೋ ಮೆಟ್ಟಿಲಿನ ಕೆಳಗಿನ ಜಾಗ ಬಹಳ ದೋಣಿಗಳಲ್ಲಿ ಸರಿಹೋಗತ್ತೆ, ದೋಣಿ ಅಡೀಲಿ ಭಾರಕ್ಕೆ ಅಂತ ಇರೋ ಕೀಲ್ ಅನ್ನೋ ರೆಕ್ಕೆಗೆ ಹತ್ರ, ಸ್ವಿಚ್ ಪ್ಯಾನೆಲಿಗೂ ಹತ್ರ. ಆದ್ರೆ ತಳದಲ್ಲಿ ನೀರು ನಿಲ್ಲೋ ಗುಂಡಿಯೊಳಗೆ ಮಾತ್ರ ಇಡಬೇಡಿ, ನೀರು ಎಷ್ಟೆತ್ತರ ಬರಬಹುದು ಅಂತ ನೋಡಿ ಅದಕ್ಕಿಂತ ಒಂದು ಗೇಣು ಮೇಲೆ ಹಲಗೆ ಕೂರಿಸಿ.

ಪೆಟ್ರೋಲ್ ಟ್ಯಾಂಕಿನ, ಪೈಪಿನ ಮೇಲೋ ಕೆಳಗೋ ಬ್ಯಾಟರಿ ಬರಲೇಬಾರ್ದು. ಇದನ್ನ ಒತ್ತಿ ಹೇಳೋಕೆ ಕಾರಣ ಇದೆ. ನನ್ನ ದೋಣೀಲಿ ಹಿಂದಿನ ಮಾಲೀಕರು ಬ್ಯಾಟರೀನ ಹಿಂದಿನ ಖಾನೇಲಿ, ಪ್ಲಾಸ್ಟಿಕ್ ಡಬ್ಬದೊಳಗೆ ಎರಡು ಸಣ್ಣ ಸ್ಕ್ರೂ ಹೊಡ್ದು ಇಟ್ಟಿದ್ರು, ನಾನೂ ನೋಡಿ ಸುಮ್ನಿದ್ದೆ. ಒಂದು ಜುಲೈ ಮಧ್ಯಾಹ್ನ ಜೋರು ಗಾಳಿಗೆ ದೋಣಿ ಪೂರ್ತಿ ಪಕ್ಕಕ್ಕೆ ವಾಲ್ತು, ಒಳಗೆ ದಡ್ ಅಂತ ಸದ್ದು, ದಡಕ್ಕೆ ಬಂದು ಮುಚ್ಚಳ ತೆಗೆದ್ರೆ ಸ್ಕ್ರೂ ಎರಡೂ ಕಿತ್ಕೊಂಡು ಬಂದಿವೆ, 22 ಕೇಜಿ ಬ್ಯಾಟರಿ ಜಾರಿ ಹೋಗಿ ಪೆಟ್ರೋಲ್ ಪೈಪಿಗೆ ಒರಗಿ ನಿಂತಿದೆ. ಪೈಪ್ ತೂತಾಗಿ, ಪಕ್ಕದಲ್ಲಿದ್ದ ಸ್ಪ್ಯಾನರ್ ಎರಡು ಟರ್ಮಿನಲ್ ಮೇಲೆ ಅಡ್ಡ ಬಿದ್ದಿದ್ರೆ? ಅವತ್ತು ಹೆಂಡತಿ ಮಗ ಇಬ್ರೂ ದೋಣೀಲಿದ್ರು. ಆ ರಾತ್ರಿ ನಿದ್ದೆ ಬರ್ಲಿಲ್ಲ.

ಅಮೆರಿಕದಲ್ಲಿ ದೋಣಿ ಕಟ್ಟೋವ್ರು ಅನುಸರಿಸೋ ಎಬಿವೈಸಿ ಮಾನದಂಡ ಒಂದಿದೆ, ಅದ್ರ ಪ್ರಕಾರ 90 ಪೌಂಡ್ ಅಂದ್ರೆ 40 ಕೇಜಿ ಬಲ ಹಾಕಿ ಯಾವ ದಿಕ್ಕಿಗೆ ಎಳೆದ್ರೂ ಬ್ಯಾಟರಿ ಒಂದು ಇಂಚಿಗಿಂತ ಜಾಸ್ತಿ ಅಲ್ಲಾಡಬಾರ್ದು. ಮನೇಲೇ ಪರೀಕ್ಷೆ ಮಾಡ್ಬೋದು, ಬೆಲ್ಟ್ ಕಟ್ಟಿದ್ಮೇಲೆ ಎರಡೂ ಕೈಲಿ ಹಿಡಿದು ಜೋರಾಗಿ ಎಳೀರಿ. ನಾನು ಈಗ ಸುತ್ತ ನಾಲ್ಕು ಮರದ ಪಟ್ಟಿ ಎಪಾಕ್ಸಿ ಹಾಕಿ ಅಂಟಿಸಿ, ಅದರೊಳಗೆ ಡಬ್ಬ ಕೂರಿಸಿ, ಆರಪಾರ ಬೋಲ್ಟ್ ಹಾಕಿದ ಬೆಲ್ಟಿಂದ ಬಿಗಿದಿದೀನಿ. ಟರ್ಮಿನಲ್ ಮೇಲೆ ರಬ್ಬರ್ ಟೋಪಿ ಹಾಕೋದು ಮರೀಬೇಡಿ. ನೀರು ಹಾಕೋ ಥರದ ಬ್ಯಾಟರಿ ಆದ್ರೆ ಚಾರ್ಜ್ ಆಗೋವಾಗ ಹೈಡ್ರೋಜನ್ ಬಿಡತ್ತೆ, ಅದು ಹಗುರ, ಮೇಲಕ್ಕೆ ಏರತ್ತೆ, ಗಾಳೀಲಿ ಶೇ 4 ಸೇರಿದ್ರೆ ಕಿಡಿಗೆ ಹೊತ್ಕೊಳತ್ತೆ, ಅದಕ್ಕೇ ಡಬ್ಬದ ಮೇಲ್ಗಡೆ ಗಾಳಿ ಹೋಗೋ ದಾರಿ ಇರ್ಲೇಬೇಕು. ದೋಣಿ ವಾಲಿದಾಗ ಆಸಿಡ್ ಚೆಲ್ಲೋ ಭಯ ಬೇಡ ಅನ್ನೋವ್ರು ಎಜಿಎಂ ಅನ್ನೋ ಮುಚ್ಚಿದ ಥರದ ಸೀಸ-ಆಸಿಡ್ ಬ್ಯಾಟರಿ ತಗೊಳ್ಳಿ. ದಿಕ್ಸೂಚಿ ಹತ್ರ ಬ್ಯಾಟರಿ ವೈರು ಹೋಗ್ಬಾರ್ದು, ಹೋಗ್ಲೇಬೇಕು ಅಂದ್ರೆ ಪ್ಲಸ್ ಮೈನಸ್ ಎರಡನ್ನೂ ಹೆಣೆದು ಒಯ್ಯಿರಿ.

ವೈರು, ಫ್ಯೂಸು

ಪ್ಲಸ್ ವೈರಿಗೆ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರ್ಬೇಕು, 7 ಇಂಚಿನೊಳಗೆ. ಫ್ಯೂಸ್ ಕಾಪಾಡೋದು ವೈರನ್ನ, ದೂರದಲ್ಲಿಟ್ರೆ ಅಲ್ಲೀವರೆಗಿನ ವೈರಿಗೆ ಕಾವಲೇ ಇಲ್ಲ. ವೈರು ತವರ ಲೇಪಿಸಿದ ತಾಮ್ರದ್ದೇ ತಗೊಳ್ಳಿ, ಉಪ್ಪು ಗಾಳಿಗೆ ಬರೀ ತಾಮ್ರ ಬೇಗ ಕಪ್ಪಾಗಿ ಹಾಳಾಗತ್ತೆ. ದಪ್ಪದ ವಿಷಯ: 6 ಮೀಟರ್ ದೂರಕ್ಕೆ 5 ಆಂಪಿಯರ್ ಒಯ್ಯೋಕೆ 2.5 ಚದರ ಮಿಲಿಮೀಟರ್ ವೈರು ಹಾಕಿದ್ರೆ ಹೋಗಿ ಬರೋ ದಾರೀಲಿ 0.42 ವೋಲ್ಟ್ ಕಳ್ಕೊಳತ್ತೆ, 4 ಹಾಕಿದ್ರೆ 0.26. ಸೋಲಾರಲ್ಲಿ ಬರೋದೇ ಕಮ್ಮಿ, ಅದನ್ನ ವೈರು ಬಿಸಿ ಮಾಡೋಕೆ ಕೊಡೋದು ಯಾಕೆ.

ಈಗ ಪ್ಯಾನೆಲ್

50 ವ್ಯಾಟಿನ ಪ್ಯಾನೆಲ್ ದಿನಕ್ಕೆ ಐದು ಗಂಟೆ ಒಳ್ಳೇ ಬಿಸಿಲು ಸಿಕ್ಕಿ, ಓರೆ ಬಿಸಿಲು, ಧೂಳು, ಶಾಖ ಎಲ್ಲಾ ಕಳೆದು ಶೇ 60 ಕೈಗೆ ಬಂತು ಅಂದ್ಕೊಂಡ್ರೆ 150 ವ್ಯಾಟ್-ಅವರ್, ಅಂದ್ರೆ 12 ಆಂಪ್-ಅವರ್. ನನ್ನ ದಿನದ ಖರ್ಚು 15, ಕಮ್ಮಿ ಆಯ್ತಲ್ಲ ಅನ್ನಿಸ್ಬೋದು, ಆದ್ರೆ ನಾನು ದೋಣಿ ಬಳಸೋದು ವಾರಕ್ಕೆ ಎರಡೇ ದಿನ, ಉಳಿದ ಐದು ದಿನ ಪ್ಯಾನೆಲ್ ಸುಮ್ನೆ ತುಂಬಿಸ್ತಾ ಇರತ್ತೆ. ವಾರದ ಲೆಕ್ಕ ಹಾಕಿದ್ರೆ 30 ವ್ಯಾಟೂ ಸಾಕು. ತಿಂಗಳುಗಟ್ಟಲೆ ದೋಣೀಲೇ ಇರೋವ್ರಿಗೆ ಮಾತ್ರ ದಿನದ ಲೆಕ್ಕ ದಿನಕ್ಕೇ ಸರಿಹೋಗ್ಬೇಕು, ಅವ್ರು 100 ವ್ಯಾಟ್ ಹಾಕ್ಲಿ.

ವ್ಯಾಟಿಗಿಂತ ದೊಡ್ಡ ವಿಷಯ ನೆರಳು. ಪ್ಯಾನೆಲಿನ ಒಳಗಿರೋ ಬಿಲ್ಲೆಗಳು ಒಂದರ ಹಿಂದೆ ಒಂದು ಸರಪಳಿ ಥರ ಸೇರಿರ್ತವೆ, ಒಂದು ಬಿಲ್ಲೆ ಮೇಲೆ ನೆರಳು ಬಿದ್ರೆ ಇಡೀ ಸರಪಳಿಗೆ ಪೆಟ್ಟು. ಕಂಬದಿಂದ ಹಿಂದಕ್ಕೆ ಅಡ್ಡ ಹೋಗೋ ಬೂಮ್ ಇದ್ಯಲ್ಲ, ಅದರ ನೆರಳು ಒಂದು ಅಂಗೈ ಅಗಲ ಬಿದ್ದಾಗ ನನ್ನ ಮೀಟರಲ್ಲಿ 2.6 ಆಂಪಿಯರ್ ಇದ್ದಿದ್ದು 0.4ಕ್ಕೆ ಇಳಿದಿದ್ದು ನಾನೇ ನೋಡಿದೀನಿ. ಅದಕ್ಕೇ ಒಂದು 50ರ ಬದ್ಲು ಎರಡು 25 ತಗೊಂಡು, ಹಿಂದಿನ ಕಂಬಿಯ ಎಡಕ್ಕೊಂದು ಬಲಕ್ಕೊಂದು ಕಟ್ಟಿ ಪ್ಯಾರಲಲ್ಲಾಗಿ ಸೇರ್ಸಿದೆ, ಒಂದಕ್ಕೆ ನೆರಳು ಬಂದ್ರೂ ಇನ್ನೊಂದು ದುಡಿಯತ್ತೆ. ಲಂಗರು ಹಾಕಿದ್ಮೇಲೆ ಬೂಮನ್ನ ಹಗ್ಗ ಕಟ್ಟಿ ಪಕ್ಕಕ್ಕೆ ಎಳೆದಿಡೋದೂ ರೂಢಿ ಆಗಿದೆ, ಖರ್ಚಿಲ್ಲದ ಲಾಭ.

ಪ್ಯಾನೆಲ್ಲಿಗೂ ಬ್ಯಾಟರಿಗೂ ಮಧ್ಯೆ ಚಾರ್ಜನ್ನ ಹತೋಟೀಲಿಡೋ ಚಾರ್ಜ್ ಕಂಟ್ರೋಲರ್ ಇರ್ಲೇಬೇಕು. ಅದರಲ್ಲಿ ಎರಡು ಥರ: ಪಿಡಬ್ಲ್ಯೂಎಂ ಅನ್ನೋದು ಅಗ್ಗ, ಆದ್ರೆ 18 ವೋಲ್ಟಿನ ಪ್ಯಾನೆಲನ್ನ ಬ್ಯಾಟರಿಯ 13 ವೋಲ್ಟಿಗೆ ಎಳೆದು ಕಾಲು ಭಾಗ ಕಳೀತದೆ, ಎಂಪಿಪಿಟಿ ಅದನ್ನ ಉಳಿಸತ್ತೆ. ಬ್ಯಾಟರಿ ಯಾವ ಜಾತಿದು ಅಂತ ಕಂಟ್ರೋಲರಲ್ಲಿ ಸರಿಯಾಗಿ ಸೆಟ್ ಮಾಡಿ. ಲಿಥಿಯಂ ಇದ್ರೆ 0 ಡಿಗ್ರಿ ಕೆಳಗೆ ಚಾರ್ಜ್ ಮಾಡ್ಬಾರ್ದು, ಚಳಿ ದೇಶದಲ್ಲಿರೋವ್ರು ಗಮನ ಇಡಿ. ಜೋಡಿಸೋವಾಗ ಮೊದ್ಲು ಕಂಟ್ರೋಲರಿಗೆ ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚೋವಾಗ ಉಲ್ಟಾ. ಪ್ಯಾನೆಲ್ ಮೇಲೆ ಬಟ್ಟೆ ಹೊದಿಸಿ ಕೆಲಸ ಮಾಡಿ, ಬಿಸಿಲಲ್ಲಿದ್ರೆ ಅದು ಯಾವಾಗ್ಲೂ ಜೀವಂತ.

ಎಲ್ಲಾ ಆದ್ಮೇಲೆ ಹತ್ತಿರದ ಶಾಂತ ಜಾಗದಲ್ಲಿ ಒಂದು ರಾತ್ರಿ ಇದ್ದು ನೋಡಿ. ನಾನು ಟ್ರೆಷರ್ ಐಲೆಂಡ್ ಪಕ್ಕದ ಕ್ಲಿಪ್ಪರ್ ಕೋವಲ್ಲಿ ಲಂಗರು ಹಾಕಿ, ಸಂಜೆ ಎಂದಿನ ಹಾಗೆ ದೀಪ, ರೇಡಿಯೋ, ಫೋನು ಎಲ್ಲಾ ಬಳಸಿ, ಬೆಳಿಗ್ಗೆ ಸೂರ್ಯ ಹುಟ್ಟೋಕೆ ಮುಂಚೆ, ಎಲ್ಲಾ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಮೀಟರ್ ಹಿಡಿದೆ. ಸೀಸ-ಆಸಿಡ್ ಬ್ಯಾಟರಿಗೆ 12.7 ವೋಲ್ಟ್ ಅಂದ್ರೆ ತುಂಬಿದ್ದು, 12.2 ಅಂದ್ರೆ ಅರ್ಧ. ನನಗೆ ಬಂದಿದ್ದು 12.5. ಮಂಜು ಸರಿದು ಬಿಸಿಲು ಬಂದಿದ್ದು ಹನ್ನೊಂದರ ಮೇಲೆ, ಬಲಗಡೆ ಪ್ಯಾನೆಲಿನಿಂದ ಮೊದ್ಲು, ಆಮೇಲೆ ದೋಣಿ ತಿರುಗಿ ಎಡಗಡೇದ್ರಿಂದ್ಲೂ ಕರೆಂಟ್ ಏರೋಕೆ ಶುರುವಾಯ್ತು.