ನೈಸರ್ಗಿಕ ಲಿಪ್ ಬಾಮ್ ಪರೀಕ್ಷಿಸುವ ಬಗೆ

ತುಟಿಯ ಚರ್ಮ ಬಹಳ ತೆಳುವಾಗಿದ್ದು ಬೇಗ ಒಣಗಿ ಬಿರುಕು ಬಿಡುವುದರಿಂದ, ಲಿಪ್ ಬಾಮ್ ಕೊಳ್ಳುವಾಗ ಡಬ್ಬಿಯ ಮುಂಭಾಗದ ‘ನೈಸರ್ಗಿಕ’ ಎಂಬ ಪದಕ್ಕಿಂತ ಹಿಂಭಾಗದಲ್ಲಿರುವ ಪದಾರ್ಥಗಳ ಪಟ್ಟಿಯನ್ನೇ ಮೊದಲು ಓದಬೇಕು. ಸಾಮಾನ್ಯವಾಗಿ ಹೆಚ್ಚು ಪ್ರಮಾಣದಲ್ಲಿರುವುದರ ಹೆಸರು ಮೊದಲು ಬರುತ್ತದೆ. ಜೇನುಮೇಣವು ತುಟಿಯ ಮೇಲೆ ತೆಳುಪದರವಾಗಿ ನಿಂತು ತೇವ ಆರದಂತೆ ತಡೆಯುತ್ತದೆ. ಅದು ಕರಗಲು ಸುಮಾರು 62ರಿಂದ 65 ಡಿಗ್ರಿ ಸೆಲ್ಸಿಯಸ್ ಬೇಕಾದ್ದರಿಂದ ಬಾಮ್‌ಗೆ ಗಟ್ಟಿತನವೂ ಬರುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲೇ ಕರಗುವ ಕಾರಣ, ಅದು ಹೆಚ್ಚಿರುವ ಬಾಮ್ ಬೆರಳು ತಾಗಿದೊಡನೆ ಮೆತ್ತಗಾಗಿ ಜಾರುತ್ತದೆ. ಹಚ್ಚಿದಾಗ ತುಟಿ ಚುರುಗುಟ್ಟಿದರೆ ಪುದೀನ ಅಥವಾ ದಾಲ್ಚಿನ್ನಿ ಎಣ್ಣೆ ಇದೆಯೇ ನೋಡಿರಿ. ಆ ಉರಿಯನ್ನು ಔಷಧದ ಗುಣವೆಂದು ಸಹಿಸಿಕೊಳ್ಳುವುದು ತಪ್ಪೆಂದೇ ನನ್ನ ಅಭಿಪ್ರಾಯ. ಹೊಸ ಬಾಮನ್ನು ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ 24 ಗಂಟೆ ಕಾಯಿರಿ. ಒಂದು ಸಲಕ್ಕೆ ಒಂದನ್ನೇ ಬಳಸಿರಿ.